ಚಂದ್ರನ ಮುಖಕ್ಕೂ ಪೆನ್ಸಿಲ್

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಫೋಟೋ ಸ್ಟುಡಿಯೋದಲ್ಲಿ ಬೆಳೆದವರಿಗೆ ಈ ರೋಗ ಇದ್ದೇ ಇರುತ್ತದೆ ಎಂದು ನನ್ನ ಅಂದಾಜು. ಹುಬ್ಬಳ್ಳಿಯ ಸ್ಟೇಷನ್ ರಸ್ತೆಯಲ್ಲಿ ಅಪ್ಪನ ಸ್ಟುಡಿಯೋ ಇತ್ತು. ಅಲ್ಲಿಗೆ ಬಂದ ಮುಖ ಬಂದ ಹಾಗೆಯೇ ಹೊರಗೆ ಹೋದದ್ದನ್ನು ನಾನು ಕಂಡಿಲ್ಲ. ಕಣ್ಣ ಕೆಳಗಿನ ಕಪ್ಪು, ಹಣೆಯ ಗಾಯದ ಗುರುತು, ಕುತ್ತಿಗೆಯ ಸುಕ್ಕು, ಎಲ್ಲವನ್ನೂ ಅಪ್ಪ ಪೆನ್ಸಿಲ್ ತುದಿಯಲ್ಲಿ ಮಾಯ ಮಾಡುತ್ತಿದ್ದ. ಅವನದೊಂದು ಇಳಿಜಾರು ಮೇಜು. ಅದರ ನಡುವೆ ಚೌಕನೆಯ ತೂತು, ತೂತಿನ ಕೆಳಗೆ ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಡಿದು ಮೇಲೆ ಬರುವಲ್ಲಿ ನೆಗೆಟಿವ್ ಇಟ್ಟುಕೊಂಡು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್‌ನಿಂದ ಸಣ್ಣ ಸಣ್ಣ ಸುಳಿ ತಿರುವುತ್ತ ಕೂರುತ್ತಿದ್ದ. ನೆಗೆಟಿವ್‌ನಲ್ಲಿ ಪೆನ್ಸಿಲ್ ತುಂಬಿದ ಜಾಗ ಕಾಗದದ ಮೇಲೆ ಬೆಳ್ಳಗೆ ಬರುತ್ತದೆ, ಕಲೆ ಹೋಗುತ್ತದೆ. ಮೆಟ್ರಿಕ್ ಆದ ಮೇಲೆ ನನಗೂ ಈ ಕೆಲಸ ಕಲಿಸಿದ. ಅಂದಿನಿಂದ ಯಾರ ಮನೆಯ ಗೋಡೆಯ ಮೇಲೆ ಫೋಟೋ ಕಂಡರೂ, ಇದರಲ್ಲಿ ಎಷ್ಟು ಖರೆ ಎಷ್ಟು ಸುಳ್ಳು ಎಂದು ಹುಡುಕುವುದು ನನ್ನ ಕಣ್ಣಿನ ಚಟವಾಯಿತು.

ಅಪ್ಪನ ಪೆನ್ಸಿಲ್ ಎಲ್ಲಕ್ಕಿಂತ ಹೆಚ್ಚು ಸವೆದದ್ದು ನನ್ನ ಮುಖಕ್ಕೆ. ಚಿಕ್ಕವಳಿದ್ದಾಗ ಸಿಡುಬು ಬಂದು ಹೋಗಿತ್ತು. ಹೋಗುವಾಗ ಎರಡೂ ಕೆನ್ನೆಯ ತುಂಬ ಗುರುತು ಬಿಟ್ಟುಹೋಗಿತ್ತು. ವರನ ಕಡೆಯವರಿಗೆ ಕಳಿಸುವ ನನ್ನ ಫೋಟೋದಲ್ಲಿ ಅವು ಒಂದೂ ಇರುತ್ತಿರಲಿಲ್ಲ. ಫೋಟೋ ನೋಡಿ ಹಿಗ್ಗಿ ಬಂದವರು ನನ್ನನ್ನು ಕಂಡೊಡನೆ ಚಹಾದ ಬಟ್ಟಲಿನಲ್ಲಿ ಮುಖ ಹುದುಗಿಸುತ್ತಿದ್ದರು. "ತಿಳಸ್ತೇವ್ರಿ" ಎಂದು ಎದ್ದು ಹೋದವರು ಏನನ್ನೂ ತಿಳಿಸುತ್ತಿರಲಿಲ್ಲ. ಅವರು ಒಪ್ಪದೇ ಹೋದದ್ದು ನನ್ನನ್ನು ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ಬೇರೆಯೇ. ಅಪ್ಪನಿಗೆ ನನ್ನ ಮುಖ ಕಂಡರೆ ನಾಚಿಕೆಯೇ? ಇದೊಂದು ಮಾತು ಗೊತ್ತಾಗಬೇಕಿತ್ತು, ಕೇಳಲು ಬಾಯಿ ಬರುತ್ತಿರಲಿಲ್ಲ.

ಅರವತ್ತರ ದಶಕ ಅರ್ಧ ದಾಟಿತ್ತು. ಮನುಷ್ಯ ಇನ್ನೂ ಚಂದ್ರನ ಮೇಲೆ ಕಾಲಿಟ್ಟಿರಲಿಲ್ಲ, ಆದರೆ ಅಮೆರಿಕದವರು ಅದರ ಸುತ್ತ ನೌಕೆ ತಿರುಗಿಸಿ ಫೋಟೋ ತೆಗೆಯುತ್ತಿದ್ದರು. ಒಂದು ದಿನ ಧಾರವಾಡದ ಕಾಲೇಜಿನ ಭೌತಶಾಸ್ತ್ರದ ಲೆಕ್ಚರರೊಬ್ಬರು ಅಂಥ ಫೋಟೋಗಳ ಪಾಕೀಟು ಹಿಡಿದುಕೊಂಡು ನಮ್ಮ ಸ್ಟುಡಿಯೋದ ಮೆಟ್ಟಿಲು ಹತ್ತಿದರು. ಸಪ್ತಾಪುರದಲ್ಲಿ ಬಾಡಿಗೆ ಖೋಲಿ, ಇಸ್ತ್ರಿ ಮುರಿಯದ ಬಿಳಿ ಅಂಗಿ, ನುಣುಪಾದ ಮಾತು. ಧಾರವಾಡದಲ್ಲಿ ಸ್ಟುಡಿಯೋ ಇಲ್ಲವೇನು, ಇಷ್ಟು ದೂರ ಯಾಕೆ ಬಂದರು ಎಂದು ನನಗೆ ಅಲ್ಲಿಂದಲೇ ಸಂಶಯ ಶುರುವಾಯಿತು.

"ಯಜಮಾನ್ರ, ಕಾಲೇಜಿನ್ಯಾಗ ಪ್ರದರ್ಶನ ಇಟ್ಟೇವಿ. ಇವನ್ನ ದೊಡ್ಡೂ ಮಾಡಿ ಕೊಡ್ರಿ. ಹಿಂದ ನಿಂತ ಹುಡುಗೂರಿಗೂ ಕಾಣಬೇಕು. ನೆರಳು ಇನ್ನೂ ಗಟ್ಟಿಯಾಗಿ ಬರಲಿ."

ಅಪ್ಪ ಭೂತಗನ್ನಡಿ ಹಿಡಿದು ನೋಡಿದ. "ಅಡ್ಡಡ್ಡ ಗೀರು ಅದಾವಲ್ರಿ. ತುಂಡು ತುಂಡು ಕೂಡಿಸಿ ಹಚ್ಚ್ಯಾರ."

"ಹೌದ್ರಿ. ನೌಕೆಯಿಂದ ಚಿತ್ರ ಪಟ್ಟಿ ಪಟ್ಟಿಯಾಗಿ ಬರತದ. ಇಲ್ಲೆ ಭೂಮಿ ಮ್ಯಾಲ ಅವನ್ನ ಜೋಡಸ್ತಾರ. ಗೀರು ಬೇಕಾದ್ರ ತಗೀರಿ. ಉಳಿದದ್ದಕ್ಕ ಏನೂ ಮಾಡಬ್ಯಾಡ್ರಿ."

ಜೋಡಿಸಿದ ಕೈ ತಿದ್ದದೆ ಬಿಟ್ಟೀತೇ? ನಾನೊಂದು ಫೋಟೋ ಎತ್ತಿಕೊಂಡು ಹಿಂದೆ ಮುಂದೆ ನೋಡಿದೆ. ಲೆಕ್ಚರರು ಕುಳಿ, ಕುಳಿ ಎನ್ನುತ್ತಿದ್ದರು. ನನಗೆ ಕಂಡದ್ದು ದೋಸೆಯ ಮೇಲೆ ಎದ್ದಂಥ ಗುಳ್ಳೆಗಳು.

"ಸರ, ಇವು ತೆಗ್ಗಲ್ರಿ. ಉಬ್ಬ್ಯಾವ," ಎಂದೆ. ಸಿಕ್ಕಿಬಿದ್ದರು ಎಂದು ಒಳಗೊಳಗೇ ಖುಷಿ.

ಅವರು ನಕ್ಕು ನನ್ನ ಕೈಯಲ್ಲಿದ್ದ ಫೋಟೋವನ್ನು ತಲೆಕೆಳಗು ಮಾಡಿದರು. ಗುಳ್ಳೆಯೆಲ್ಲ ಒಮ್ಮೆಲೇ ಕುಳಿಯಾದವು. "ಬೆಳಕು ಮ್ಯಾಲಿಂದ ಬರತದ ಅಂತ ಕಣ್ಣು ತಾನ ತಿಳ್ಕೊಂಡುಬಿಡತದ. ಯಾವ ಕಡೆಯಿಂದ ಬಂದದ ಅನ್ನೋದು ಗೊತ್ತಿಲ್ಲಂದ್ರ ಮೋಸ ಹೋಗತೇವಿ. ಸೂರ್ಯ ಬಗಲಿಗೆ ಇದ್ದಾಗ ಸಣ್ಣ ತೆಗ್ಗಿಗೂ ದೊಡ್ಡ ನೆರಳು. ನೆತ್ತಿ ಮ್ಯಾಲಿದ್ರ ತೆಗ್ಗು ಇದ್ದೂ ಇಲ್ಲಧಂಗ."

ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಿದರು. ಮಾತಾಡುವವರು ಎದುರಿನವರ ಮುಖ ನೋಡದೆ ಇನ್ನೇನು ಗೋಡೆ ನೋಡುತ್ತಾರೆಯೇ? ಆದರೂ ತೆಗ್ಗು ಎಂಬ ಮಾತು ಬಂದದ್ದೇ ತಡ, ನನ್ನ ಸೆರಗು ಕೆನ್ನೆಗೆ ಹೋಯಿತು. ಈ ಮನುಷ್ಯ ಚಂದ್ರನ ನೆಪದಲ್ಲಿ ನನಗೇ ಹೇಳುತ್ತಿದ್ದಾನೆ ಎಂದು ಆ ದಿನವೆಲ್ಲ ಕುದ್ದೆ.

ಅಪ್ಪ ಆ ಫೋಟೋಗಳನ್ನು ಮತ್ತೆ ಫೋಟೋ ಹೊಡೆದು, ಹೊಸ ನೆಗೆಟಿವ್ ಮಾಡಿಕೊಂಡು ಮೇಜಿಗೆ ಕೂತ. ನನಗೆ ಆಗ ಮದುವೆಯೊಂದರ ಫೋಟೋಗಳ ಕೆಲಸ ಕೈತುಂಬ ಇತ್ತು. ಅವನ ಕಡೆ ಗಮನ ಕೊಡಲಿಲ್ಲ. ದೊಡ್ಡ ಚಿತ್ರಗಳು ಒಣಗಿ ಸಿದ್ಧವಾದ ದಿನ ಲೆಕ್ಚರರು ಬಂದು ಮೊದಲನೆಯದನ್ನು ಬಿಚ್ಚಿದರು.

ದೊಡ್ಡ ಕುಳಿಗಳೇನೋ ಇದ್ದವು. ಸಣ್ಣವು ಒಂದೂ ಇರಲಿಲ್ಲ. ಗೀರಿಲ್ಲ, ಚುಕ್ಕೆಯಿಲ್ಲ, ಕೈಯಾಡಿಸಿದರೆ ಜಾರುವಷ್ಟು ನುಣುಪು. ವರನ ಕಡೆಯವರಿಗೆ ಕಳಿಸಲು ಸಿದ್ಧವಾದ ಚಂದ್ರ.

"ಇದೇನ್ರಿ ಇದು?"

"ಸಣ್ಣ ಸಣ್ಣ ಚುಕ್ಕಿ ಭಾಳ ಇದ್ದೂರಿ, ಸರ," ಎಂದ ಅಪ್ಪ, ಮೆಚ್ಚುಗೆಯ ಮಾತು ಬರುತ್ತದೆ ಎಂಬ ನಂಬಿಕೆಯಲ್ಲಿ. "ಧೂಳು ಕುಂತಿರಬೇಕಂತ ಎಲ್ಲಾ ತುಂಬೇನಿ. ಛಲೋ ಆಗೇದಲ್ರಿ?"

"ಧೂಳಲ್ರೀ ಅವು, ಕುಳಿ! ಅವನ್ನ ತೋರಸಾಕನ ಪ್ರದರ್ಶನ ಇಟ್ಟೇವಿ!" ಲೆಕ್ಚರರ ನುಣುಪು ಮಾತು ಎತ್ತ ಹೋಯಿತೋ. ಅಪ್ಪನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ದನಿ ತಗ್ಗಿಸಿದರು. "ಖರೇ ಹೇಳ್ರಿ. ನಮ್ಮ ಪ್ರದರ್ಶನ ಕೆಡಸಾಕ ಯಾರರೆ ಹೇಳಿಕೊಟ್ಟಾರೇನು ನಿಮಗ?"

ಸಂಶಯದಲ್ಲಿ ನನ್ನನ್ನೂ ಮೀರಿಸುವವರು ಇದ್ದಾರೆ ಎಂದು ನನಗೆ ಗೊತ್ತಾದದ್ದು ಅಂದೇ.

ಅಪ್ಪ ಪೆಚ್ಚಾಗಿ ತನ್ನ ಬೆರಳುಗಳನ್ನೇ ನೋಡಿಕೊಂಡ. "ಇಲ್ರಿ ಸರ. ಕಲೆ ಕಂಡ್ರ ಕೈ ತಾನ ಹೋಗಿಬಿಡತದ," ಎಂದ. ಮತ್ತೆ ಎಲ್ಲ ಮೊದಲಿನಿಂದ ಮಾಡಿದೆವು. ಈ ಸಲ ಮೇಜಿಗೆ ಕೂತವಳು ನಾನು, ಪಕ್ಕದ ಸ್ಟೂಲಿನ ಮೇಲೆ ಕಾವಲು ಕೂತವರು ಲೆಕ್ಚರರು. ಗೀರುಗಳನ್ನಷ್ಟೇ ತುಂಬಿಸಿದೆ. ಒಂದೊಂದು ಗೀರು ಮುಗಿದಾಗಲೂ ಅವರು ಭೂತಗನ್ನಡಿ ಇಟ್ಟು ನೋಡಿ, ಕುಳಿಗಳೆಲ್ಲ ಇದ್ದಲ್ಲೇ ಇವೆಯೇ ಎಂದು ತಪಾಸು ಮಾಡುತ್ತಿದ್ದರು.

ಆ ಕೆಲಸದುದ್ದಕ್ಕೂ ನನ್ನ ತಲೆಯಲ್ಲಿ ಅಪ್ಪನ ಮಾತೇ ತಿರುಗುತ್ತಿತ್ತು. ಚಂದ್ರನ ಬಗ್ಗೆ ಅಪ್ಪನಿಗೆ ನಾಚಿಕೆ ಪಡುವಂಥದ್ದು ಏನಿತ್ತು? ಏನೂ ಇಲ್ಲ. ಹಾಗಾದರೆ ನನ್ನ ಮುಖಕ್ಕೆ ಪೆನ್ಸಿಲ್ ಹಚ್ಚುವುದೂ ಬರೀ ಕೈಯ ಚಾಳಿ ಇರಬಹುದು. ಒಂದು ಗಳಿಗೆ ಎದೆ ಹಗುರವಾಯಿತು. ಆದರೆ ಸಂಶಯ ಅಷ್ಟು ಲಗೂ ಎದ್ದು ಹೋಗುವ ಅತಿಥಿಯಲ್ಲ. ಚಂದ್ರನ ವಿಷಯದಲ್ಲಿ ಚಾಳಿ, ಮಗಳ ವಿಷಯದಲ್ಲಿ ನಾಚಿಕೆ, ಹೀಗೂ ಇರಬಹುದಲ್ಲ?

ಧಾರವಾಡದಿಂದ ಹೊಸದೊಂದು ಸಂಬಂಧದ ಮಾತು ಬಂದಾಗ ಪರೀಕ್ಷೆ ಮಾಡಿಯೇ ಬಿಡೋಣ ಎನ್ನಿಸಿತು.

"ಅಪ್ಪಾ, ಈ ಸಲ ಬಗಲಿನ ಕಿಟಕಿ ಬೆಳಕಿನ್ಯಾಗ ನನ್ನ ಫೋಟೋ ತಗಿ. ಪೆನ್ಸಿಲ್ ಮುಟ್ಟಬ್ಯಾಡ," ಎಂದೆ.

ಅಪ್ಪ ಬಹಳ ಹೊತ್ತು ಕ್ಯಾಮೆರಾದ ಕರಿ ಬಟ್ಟೆಯನ್ನು ಮಡಚುತ್ತ, ಬಿಚ್ಚುತ್ತ ನಿಂತ. "ಹುಚ್ಚಿ ಅದಿ," ಎಂದ. ಆಮೇಲೆ ಎದುರಿನ ಪರದೆ ಇಳಿಸಿ, ಬಗಲಿನ ಕಿಟಕಿ ತೆರೆದ. ಕಾಗದದ ಮೇಲೆ ಬಂದ ನನ್ನ ಕೆನ್ನೆ ನೋಡಿ ನನಗೇ ಗಾಬರಿಯಾಯಿತು. ಇಷ್ಟೊಂದು ಇವೆಯೇ? ಮರುಕ್ಷಣ ಇನ್ನೊಂದು ಗುಮಾನಿ: ಇವೇ ಇಷ್ಟಾದರೆ, ಈ ಸಲವೂ ಅಪ್ಪ ಕದ್ದು ಅಳಿಸಿದವು ಇನ್ನೆಷ್ಟೋ! ಪೆನ್ಸಿಲ್ ಗುರುತು ಇದೆಯೇ ನೋಡಲು ನೆಗೆಟಿವ್ ಹುಡುಕಿದೆ. ಡಬ್ಬಿಯಲ್ಲಿ ಇರಲಿಲ್ಲ. ಕೇಳಿದರೆ "ಎಲ್ಲೋ ಅದ, ಬಿಡು" ಎಂದ. ನನ್ನ ಗುಮಾನಿ ಖರೆಯಾಯಿತು ಎಂದುಕೊಂಡೆ.

ಆ ಫೋಟೋ ನೋಡಿಯೂ ವರನ ಕಡೆಯವರು ಬಂದರು. ಗೋಪನಕೊಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತರು. ಮಾತೆಲ್ಲ ಹುಡುಗನ ಸೋದರತ್ತೆಯದು. ಆಕೆ ನನ್ನನ್ನು ಹತ್ತಿರ ಕೂರಿಸಿಕೊಂಡು ಫೋಟೋ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು.

"ಫೋಟೋದಾಗ ಭಾಳ ಕಾಣತಾವ. ಇಲ್ಲೆ ಅಷ್ಟಿಲ್ಲ. ಪೌಡರ್ ಬಡದೀರೇನು ತಂಗಿ?" ಎಂದವಳೇ ಸೆರಗಿನ ತುದಿಯನ್ನು ನೀರಿನ ತಂಬಿಗೆಯಲ್ಲಿ ಅದ್ದಿ ನನ್ನ ಕೆನ್ನೆ ತಿಕ್ಕಿದಳು. ಸೆರಗಿಗೆ ಏನೂ ಹತ್ತಲಿಲ್ಲ. ಅದರಿಂದ ಆಕೆಗೆ ಇನ್ನಷ್ಟು ಸಂಶಯ ಬಂತು. "ನೀವು ಸ್ಟುಡಿಯೋ ಮಂದಿ. ಫೋಟೋದಾಗರೆ ಮುಖದಾಗರೆ, ಒಂದರಾಗ ಕೈಚಳಕ ಇದ್ದ ಇರತದ," ಎಂದಳು.

ನನಗೆ ಮೈಯೆಲ್ಲ ಉರಿಯಿತು. ಏಳಬೇಕೆನ್ನುವಷ್ಟರಲ್ಲಿ ಅಪ್ಪ ಎದ್ದ. ಕೋಟಿನ ಒಳಜೇಬಿಗೆ ಕೈಹಾಕಿ ಕಾಗದದ ಚೀಲವೊಂದನ್ನು ತೆಗೆದ. ಅದರಲ್ಲಿ ನನ್ನ ನೆಗೆಟಿವ್ ಇತ್ತು.

"ಪೆನ್ಸಿಲ್ ಹಚ್ಚಿದ್ರ, ಬೆಳಕಿಗೆ ಹಿಂಗ ಹೊಳ್ಳಿಸಿದಾಗ ಮಿಂಚತದ್ರಿ. ನೋಡ್ರಿ, ಎಲ್ಲರೆ ಮಿಂಚತದೇನು?" ಅವನ ದನಿ ತಗ್ಗಲಿಲ್ಲ. "ಬೆಳಕು ಬಗಲಿಂದ ಇತ್ತು, ಅದಕ್ಕ ಫೋಟೋದಾಗ ಜಾಸ್ತಿ ಕಾಣತಾವ. ಇದರಾಗೂ ಕೈಚಳಕಿಲ್ಲ, ಆ ಮುಖದಾಗೂ ಇಲ್ಲ. ನನ್ನ ಮಗಳು ಹಿಂಗ ಅದಾಳ್ರಿ. ಯಾರು ಕೇಳಿದ್ರೂ ಹಿಂಗ ಅದಾಳ ಅಂತ ಹೇಳಾವ ನಾ."

ಅವರು ಚಹಾ ಕುಡಿದು, ತಿಳಿಸುತ್ತೇವೆ ಎಂದು ಎದ್ದು ಹೋದರು. ಅಪ್ಪ ಅವರನ್ನು ಬಸ್ಸಿನವರೆಗೆ ಕಳಿಸಲು ಹೋದ. ನೆಗೆಟಿವ್ ಕಂಬಳಿಯ ಮೇಲೆಯೇ ಉಳಿದಿತ್ತು. ನಾನು ಅದನ್ನೆತ್ತಿ ಕಿಟಕಿಗೆ ಹಿಡಿದು ಈ ಕಡೆ ಹೊರಳಿಸಿದೆ, ಆ ಕಡೆ ಹೊರಳಿಸಿದೆ. ಎಲ್ಲಿಯೂ ಮಿಂಚಲಿಲ್ಲ. ಒಳಗಿನಿಂದ ಅವ್ವ ಬಟ್ಟಲು ತರಲು ಕರೆಯುತ್ತಿದ್ದಳು. ಅಳು ನಿಲ್ಲುವವರೆಗೆ ನಾನು ಆ ಕಿಟಕಿ ಬಿಟ್ಟು ಕದಲಲಿಲ್ಲ.