ಆರು ಗಂಟೆಯ ಬಸ್ ಲೇನ್

ಒಂದು ನಿಯಮ ಕಾಗದದ ಮೇಲೆ ಹುಟ್ಟಿ ರಸ್ತೆಗೆ ಇಳಿಯುವಷ್ಟರಲ್ಲಿ ಯಾರು ಯಾರು ಅದನ್ನು ಎತ್ತೆತ್ತ ಎಳೆಯುತ್ತಾರೆ ಎಂದು ಲೆಕ್ಕ ಹಾಕುವುದೇ ಆಕ್ಲೆಂಡಿನಲ್ಲಿ ನನ್ನ ಹೊಟ್ಟೆಪಾಡು. ಎಳೆಯುವ ಪ್ರತಿಯೊಬ್ಬರಿಗೂ ಅಂಕಿಗಳನ್ನು ಕೊಡುತ್ತೇವೆ: ಅವರಿಗೆ ಬೇಕಾದದ್ದೇನು, ಬಲವೆಷ್ಟು, ಕಾಳಜಿಯೆಷ್ಟು. ಬಲವನ್ನು ಕಾಳಜಿಯಿಂದ ಗುಣಿಸಿ, ಎಲ್ಲರನ್ನೂ ಸಮೀಕರಣದೊಳಗೆ ಜಗ್ಗಾಡಲು ಬಿಟ್ಟರೆ, ನಿಯಮ ಕೊನೆಗೆ ಎಲ್ಲಿ ಬಂದು ನಿಲ್ಲುತ್ತದೆಂದು ತೋರುತ್ತದೆ. ಮನುಷ್ಯರ ಹಟಕ್ಕೂ ಒಂದು ಗಣಿತವಿದೆಯಲ್ಲ ಎಂದು ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮ ರಸ್ತೆಗೆ ಬಸ್ ಲೇನ್, ಅಂದರೆ ಬೆಳಗಿನ ಹೊತ್ತು ಬಸ್ಸುಗಳಿಗಷ್ಟೇ ಮೀಸಲಾದ, ಬೇರೆ ಗಾಡಿ ನಿಲ್ಲಿಸುವಂತಿಲ್ಲದ ಅಂಚು, ಬರುತ್ತದೆಂದು ಸುದ್ದಿಯಾದಾಗ ಮನೆಯಲ್ಲೇ ಕೂತು ಅದನ್ನೂ ಲೆಕ್ಕ ಹಾಕಿದೆ. ಹೆಂಡತಿ ಧಾರವಾಡದವಳು, ಇಲ್ಲಿ ಮಕ್ಕಳ ವಾರ್ಡಿನಲ್ಲಿ ನರ್ಸ್. ಪಾಳಿ ಬೆಳಿಗ್ಗೆ ಏಳಕ್ಕೆ, ಹಿಡಿಯುವುದು ಆರು ದಾಟಿದೊಡನೆ ಬರುವ ದಿನದ ಮೊದಲ ಬಸ್ಸು. ಅವಳು ಹೋಗಿ ಒಂದೊಂದು ಮಗುವಿನ ವಿಷಯ ಕೇಳಿಕೊಂಡು ಹ್ಯಾಂಡೋವರ್ ತೆಗೆದುಕೊಳ್ಳುವವರೆಗೆ ರಾತ್ರಿ ಪಾಳಿಯವಳು ಮನೆಗೆ ಹೋಗುವಂತಿಲ್ಲ. ಆ ಹುಡುಗಿಗೆ ಮನೆಯಲ್ಲಿ ಹಾಲು ಕುಡಿಯುವ ಕೂಸು. ಬಸ್ಸು ಕಾರುಗಳ ನಡುವೆ ಸಿಕ್ಕಿ ತಡವಾದಾಗಲೆಲ್ಲ ಇವಳು ಕುಗ್ಗಿ ಹೋಗುತ್ತಿದ್ದಳು. ಹೀಗೇ ಆದರೆ ವಾರ್ಡು ಬಿಟ್ಟು ಮನೆ ಹತ್ತಿರದ ಕ್ಲಿನಿಕ್ಕಿಗೆ ಸೇರುತ್ತೇನೆ ಎನ್ನುತ್ತಿದ್ದಳು. ಆ ಮಕ್ಕಳನ್ನು ಬಿಟ್ಟು ಅವಳು ಸುಖವಾಗಿರಲಾರಳೆಂದು ನನಗೆ ಭಯವಾಗುತ್ತಿತ್ತು.

ಲೇನ್ ಬರುತ್ತದೆ, ಆದರೆ ಬೆಳಿಗ್ಗೆ ಏಳು ಗಂಟೆಯಿಂದ ಎಂದಿತು ಲೆಕ್ಕ. ಆರಕ್ಕೇ ಬಾಗಿಲು ತೆಗೆಯುವ ಮೂಲೆಯ ಡೈರಿ ಅಂಗಡಿಯವರು, ಎದುರಿಗೆ ಯೂಟ್ ಎಂಬ ಪಿಕಪ್ ಗಾಡಿ ನಿಲ್ಲಿಸಿ ಹಾಲು, ಪೈ ಕೊಳ್ಳುವ ಗಿರಾಕಿಗಳನ್ನು ಬಿಟ್ಟುಕೊಡಲು ತಯಾರಿರಲಿಲ್ಲ. ಏಳರ ಲೇನಿನಿಂದ ಇವಳಿಗೆ ಏನೂ ಉಪಯೋಗವಿಲ್ಲ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನನ್ನನ್ನು ಛೇಡಿಸುತ್ತಲೇ ಅವಳು ಕಂಪ್ಯೂಟರ್ ಪರದೆಯತ್ತ ಬಗ್ಗಿ, ನರ್ಸುಗಳ ಕಾಳಜಿಯ ಅಂಕಿ ಇಷ್ಟು ಕಮ್ಮಿ ಯಾಕೆ ಎಂದು ಕೇಳಿದಳು. ದಣಿದು ಮನೆ ಸೇರುವವರು ಸಭೆಗೆ ಬರುವುದಿಲ್ಲ, ಬರದವರ ಕಾಳಜಿ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದೆ.

"ಬಲ ಬಿಡ್ರಿ, ಅದು ನಮ್ಮ ಕೈಯಾಗಿಲ್ಲ. ಕಾಳಜಿ ನಮ್ಮ ಕೈಯಾಗ ಐತಲ್ಲ," ಎಂದಳು.

ಲೇನಿನ ಬಗ್ಗೆ ಬಡಾವಣೆಯ ಸಭೆ ನಡೆದದ್ದು ಒಂದು ಸಂಜೆ, ಲೈಬ್ರರಿಯಲ್ಲಿ. ಪಾಳಿ ಮುಗಿಸಿದ ನರ್ಸುಗಳು ಇವಳ ಮಾತಿಗೆ ಓಗೊಟ್ಟು ಸಮವಸ್ತ್ರದಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂತರು. ಒಬ್ಬೊಬ್ಬರಿಗೂ ಮಾತಿಗೆ ಸಿಗುವುದು ಚೂರೇ ಹೊತ್ತು. ಅವರು ವಾರ್ಡಿನಲ್ಲಿ ಹ್ಯಾಂಡೋವರ್ ಕೊಡುವ ಹಾಗೆಯೇ ಮಾತಾಡಿದರು, ಒಬ್ಬಳು ನಿಲ್ಲಿಸಿದಲ್ಲಿಂದ ಇನ್ನೊಬ್ಬಳು. ಸ್ಟಾಪಿನ ಚಳಿ, ಕದಲದ ಬಸ್ಸು, ವಾರ್ಡಿನಲ್ಲಿ ಕಾಯುವ ತಾಯಿ, ಮನೆಯಲ್ಲಿ ಅಳುವ ಕೂಸು. ಹನಿ ಹನಿ ಗೂಡಿದರೆ ಹಳ್ಳ ಎನ್ನುವುದನ್ನು ಕಣ್ಣಾರೆ ಕಂಡೆ. ಕೊನೆಗೆ ಡೈರಿಯವರೇ ಎದ್ದು, ಪಕ್ಕದ ಅಡ್ಡರಸ್ತೆಯಲ್ಲಿ ಗಿರಾಕಿಗಳ ಗಾಡಿಗೆ ಜಾಗ ಕೊಟ್ಟರೆ ಆರು ಗಂಟೆಗೆ ತಮ್ಮ ತಕರಾರಿಲ್ಲ ಎಂದರು. ಮುಂದೆ ಹಾಗೇ ತೀರ್ಮಾನವೂ ಆಯಿತು.

ಸಭೆ ಮುಗಿಸಿ ಅವತ್ತು ಮನೆಗೆ ಬಂದವನೇ ನರ್ಸುಗಳ ಕಾಳಜಿಯ ಅಂಕಿಯೊಂದನ್ನೇ ತಿದ್ದಿ ಲೆಕ್ಕ ಓಡಿಸಿದ್ದೆ. ಪರದೆಯ ಮೇಲಿನ ಗೆರೆ ಏಳರಿಂದ ಜಾರಿ ಆರರ ಮೇಲೆ ನಿಂತಿತು. ಅದನ್ನೇ ನೋಡುತ್ತ ಕೂತೆ. ಅಷ್ಟು ಜನರ ದಣಿವು, ಸಂಕಟ ಆ ಪುಟ್ಟ ಅಂಕಿಯೊಳಗೆ ಹಿಡಿಸಿದ್ದು ಕಂಡು ಕೈಮುಗಿಯಬೇಕೆನಿಸಿತು.

ಲೇನ್ ಶುರುವಾದ ಬೆಳಿಗ್ಗೆ ನಾನು ಹ್ಯಾಮಿಲ್ಟನ್ನಿಗೆ ಹೊರಟು ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದೆ. ಅವಳ ಬಸ್ಸು ನನ್ನ ಪಕ್ಕದಲ್ಲೇ ಸರಾಗವಾಗಿ ದಾಟಿ ಹೋಯಿತು. ಸಂಜೆ ಅವಳು ಚಹಾ ಸೋಸುತ್ತಿದ್ದಾಗ, ಕ್ಲಿನಿಕ್ಕಿನ ವಿಚಾರ ಏನಾಯಿತು ಎಂದು ಕೇಳಿದೆ. ಅವಳು ಲೋಟವನ್ನು ನನ್ನ ಮುಂದಿಟ್ಟಳು.

"ಇವತ್ತ ಆ ರಾತ್ರಿ ಪಾಳಿ ಹುಡುಗಿ ಹೊತ್ತಿಗೆ ಸರಿಯಾಗಿ ಕೂಸಿನ ಕಡೆ ಹೋದಳ್ರಿ," ಎಂದಳು.