ಸಮ್ಮತಿಯಿಲ್ಲ ಎಂದು ಬರೆಸಿದ ಆರ್ಮಯಿತಿ ಬಾಟ್ಲಿವಾಲಾ

ಇಲ್ಲಿ ಬರೆದಿರುವುದೆಲ್ಲ ಅಕ್ಷರಶಃ ಸತ್ಯ. ಬೇಕಿದ್ದರೆ ನೋಟರಿಯ ಮುಂದೆ ಪ್ರಮಾಣ ಮಾಡಬಹುದು, ನೋಟರಿ ನಂಬದಿದ್ದರೆ ಅದು ನೋಟರಿಯ ಹಣೆಬರಹ. ಮುಂಬಯಿಯ ಫೋರ್ಟ್ ವಲಯದಲ್ಲಿ, ವ್ಯಾಪಾರದ ವ್ಯಾಜ್ಯಗಳು ಕೋರ್ಟಿನ ಮೆಟ್ಟಿಲು ಹತ್ತದೆ ಮಧ್ಯಸ್ಥಗಾರರ ಮೇಜಿನ ಮುಂದೆ ತೀರ್ಮಾನವಾಗುವ ಕಡೆಗಳಲ್ಲೆಲ್ಲ, ಇದೀಗ ನಿವೃತ್ತರಾಗುತ್ತಿರುವ ವಕೀಲೆ ಶ್ರೀಮತಿ ಆರ್ಮಯಿತಿ ಬಾಟ್ಲಿವಾಲಾ ಅವರ ಹೆಸರು ಸುಪರಿಚಿತ. ಅವರ ಕೆಮ್ಮು ಇನ್ನೂ ಸುಪರಿಚಿತ. ಅವರು ಕೆಮ್ಮಿದರೆ ಆಕ್ಷೇಪ ಬರುತ್ತಿದೆಯೆಂದು ಅರ್ಥ. ಆಗ ಚರ್ಚ್‌ಗೇಟಿನ ಲೋಕಲ್ ರೈಲುಗಳೂ ಒಂದು ಗಳಿಗೆ ನಿಂತು ಹೊರಡುತ್ತಿದ್ದವು.

ಈ ಅಭಿನಂದನ ಸಂಪುಟದ ಸಮಿತಿಯವರು ಅವರ ‘ಸಹಕಾರ ಮನೋಭಾವ’ವನ್ನು ಕುರಿತು ಬರೆಯಬೇಕೆಂದು ಕೋರಿದ್ದಾರೆ. ಅದು ಅವರಲ್ಲಿ ಇರಲಿಲ್ಲ. ಇದ್ದವರನ್ನೆಲ್ಲ ಈ ವೃತ್ತಿ ಎಂದೋ ಶಾಲು ಹೊದಿಸಿ ಕೂರಿಸಿದೆ.

ಮಧ್ಯಸ್ಥಗಾರರು ಹೆಚ್ಚಾಗಿ ನಿವೃತ್ತ ನ್ಯಾಯಮೂರ್ತಿಗಳು. ಚಹಾ, ಮಾವಾ ಕೇಕು ಬಂದು ಎಲ್ಲರ ಬಾಯಿ ತುಂಬಿರುವ ಹೊತ್ತಿಗೆ ಅವರು ಆ ದಿನದ ನಡಾವಳಿಯನ್ನು ಬರೆಸುತ್ತಾರೆ. ‘ಉಭಯ ಪಕ್ಷಗಳ ಸಮ್ಮತಿಯಂತೆ’ ಎಂಬ ಮಾತು ಕೇಕಿನೊಂದಿಗೇ ಗಂಟಲಿಳಿಯುತ್ತದೆ. ಕ್ರಮ ತಪ್ಪಿದೆಯೆಂದು ಗೊತ್ತಿದ್ದೂ ಕೂಡಲೇ ಆಕ್ಷೇಪಿಸದೆ ಮುಂದುವರಿದವನು ಆ ಹಕ್ಕನ್ನು ಬಿಟ್ಟುಕೊಟ್ಟಂತೆ ಎನ್ನುತ್ತದೆ ಕಾನೂನು. ಸುಮ್ಮನಿದ್ದವನನ್ನು ಸಭ್ಯನೆಂದು ಬೆನ್ನು ತಟ್ಟಿ, ಆಮೇಲೆ ಅದೇ ಮೌನದಿಂದ ಅವನ ಕುತ್ತಿಗೆ ಬಿಗಿಯುವ ಈ ವೃತ್ತಿಗೆ ನಾಚಿಕೆಯೆಂಬುದಿಲ್ಲ. ಆರ್ಮಯಿತಿಯವರು ನಡಾವಳಿಯನ್ನು ಓದಿಸಿ ಕೇಳುವವರೆಗೆ ತುಣುಕು ಕೇಕನ್ನೂ ಮುಟ್ಟುತ್ತಿರಲಿಲ್ಲ.

ಅವರ ಕಕ್ಷಿದಾರರಾದ, ಮಸ್ಜಿದ್ ಬಂದರಿನ ಜೀರಿಗೆ ವ್ಯಾಪಾರಿ ಲಖಮ್‌ಶಿ ಗಾಲಾ ಅವರ ಪ್ರಕರಣವನ್ನೇ ನೋಡಿ. ಜೀರಿಗೆಗೆ ಮಣ್ಣು ಬೆರೆಸಿದರೆಂದು ರಫ್ತುದಾರರ ಆರೋಪ. ಆಧಾರ ಒಬ್ಬ ತಪಾಸಣೆಗಾರನ ವರದಿ. ಆತನನ್ನು ಎದುರು ಕೂರಿಸಿ ಪ್ರಶ್ನೆ ಕೇಳದ ಹೊರತು ಗಾಲಾ ಅವರು ಕಲಬೆರಕೆಯವನೆಂಬ ಹೆಸರು ಹೊತ್ತು ಆ ಬೀದಿಯಲ್ಲಿ ಬಾಳುವಂತಿರಲಿಲ್ಲ. ಚಹಾ ಬಂತು. ಮಧ್ಯಸ್ಥಗಾರರಾದ ನಿವೃತ್ತ ನ್ಯಾಯಮೂರ್ತಿ ಸಬ್ನೀಸರು ಗಾಲಾರತ್ತ ತಿರುಗಿದರು.

“ತಪಾಸಣೆಯವ್ರಿಗೆ ವಯಸ್ಸಾಗಿದೆ, ಸುಮ್ನೆ ಯಾಕೆ ಎಳೆದಾಡ್ಸೋದು? ವರದಿ ಇದೆಯಲ್ಲ. ಏನಂತೀರಿ ಸೇಠ್?”

ದೊಡ್ಡವರ ಮುಂದೆ ‘ಇಲ್ಲ’ ಎನ್ನುವುದು ಆ ಬಜಾರಿನವರಿಗೆ ಹುಟ್ಟಿನಿಂದಲೇ ಬಾರದು. ಗಾಲಾ ಕೈಮುಗಿದರು. “ಸಾಹೇಬ್ರು ಹೇಳಿದ್ಮೇಲೆ ನಂದೇನಿದೆ.”

“ಬರ್ಕೊಳ್ಳಮ್ಮ,” ಎಂದರು ಸಬ್ನೀಸರು ಟೈಪಿಸ್ಟಿಗೆ. “ಉಭಯ ಪಕ್ಷಗಳ ಸಮ್ಮತಿಯಂತೆ...”

ಆರ್ಮಯಿತಿ ಕೆಮ್ಮಿದರು. “ಅವ್ರು ಮರ್ಯಾದೆ ಕೊಟ್ರು ಸರ್, ಸಮ್ಮತಿ ಕೊಟ್ಟಿಲ್ಲ. ಸಾಕ್ಷೀನ ಪ್ರಶ್ನೆ ಮಾಡೋ ಹಕ್ಕು ಬಿಟ್ಟಿಲ್ಲ. ಹಾಗಂತ್ಲೇ ಬರೆಸಿ.”

“ನೀನು ಚಹಾಕ್ಕೂ ಆಕ್ಷೇಪ ಎತ್ತೋಳು.”

“ಚಹಾ ಚೆನ್ನಾಗಿದೆ ಸರ್. ಜೊತೆಗೆ ಕೊಡ್ತಿರೋದು ಇಳೀತಿಲ್ಲ.”

ಎದುರು ಪಕ್ಷದ ವಕೀಲ ಮರ್ಫತಿಯಾ ನಕ್ಕ. “ಕೇಕ್ ತಿನ್ನಿ ಆಂಟಿ, ತಣ್ಣಗಾಗ್ತೀರಿ.”

“ನೀನು ತಿಂದು ತಿಂದೇ ತಣ್ಣಗಾಗಿರೋದು, ಡೀಕ್ರಾ,” ಎಂದರು ಆರ್ಮಯಿತಿ, ಗುಜರಾತಿಯಲ್ಲಿ ಮಗನೇ ಎಂದು ಕರೆದು.

ಆಕ್ಷೇಪ ದಾಖಲಾಯಿತು. ಆದರೂ ಸಾಕ್ಷಿಯನ್ನು ಕರೆಸಲಿಲ್ಲ. ತೀರ್ಪು ಗಾಲಾರ ವಿರುದ್ಧವೇ ಹೋಯಿತು. ದಾಖಲಾದ ಆ ಒಂದು ಸಾಲನ್ನು ಹಿಡಿದು ಕೋರ್ಟು ತೀರ್ಪನ್ನು ರದ್ದುಮಾಡುವಷ್ಟರಲ್ಲಿ ವರ್ಷಗಳು ಉರುಳಿದ್ದವು. ಹಳೆಯ ಗಿರಾಕಿಗಳು ಆ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಆ ವರ್ಷಗಳಲ್ಲೆಲ್ಲ ಆರ್ಮಯಿತಿಯವರು ವಕೀಲರ ಕಪ್ಪು ಕೋಟು ಧರಿಸಿಯೇ ಆ ಬೀದಿಗೆ ಹೋಗಿ, ಎಲ್ಲರೆದುರು ಗಾಲಾರಲ್ಲಿ ಜೀರಿಗೆ ಕೊಳ್ಳುತ್ತಿದ್ದರು; ಅವರ ಮನೆಯ ಧನ್‌ಸಾಕ್ ಬೇಳೆಯ ಒಗ್ಗರಣೆಗೆ ದಾದರಿನ ಪಾರ್ಸಿ ಕಾಲೊನಿ ಪೂರ್ತಿ ಸೀನುತ್ತಿತ್ತು. ಅವರನ್ನು ಜಗಳಗಂಟಿಯೆಂದವರೇ ಇಂದು ಈ ಸಂಪುಟಕ್ಕೆ ಮುನ್ನುಡಿ ಬರೆಯುತ್ತಿದ್ದಾರೆ.

ಕೊನೆಗೆ ಜಾಗ ಸಾಲದೆ ಹೋಗಬಹುದಾದ್ದರಿಂದ ಹಾರೈಕೆಯನ್ನು ಇಲ್ಲಿಯೇ ಸಲ್ಲಿಸುವುದು ಕ್ಷೇಮ: ಅವರು ನೂರು ಕಾಲ ಬಾಳಲಿ, ನಿವೃತ್ತಿಯ ನಂತರವೂ ಸಭ್ಯರ ಚಹಾ ಕೆಡಿಸುತ್ತಿರಲಿ.

ಕಳೆದ ತಿಂಗಳು ಗಾಲಾರ ವ್ಯಾಜ್ಯ ಮೊದಲಿನಿಂದ ಶುರುವಾಗಿ, ಹೊಸ ಮಧ್ಯಸ್ಥಗಾರರ ಮುಂದೆ ತಪಾಸಣೆಗಾರ ಕೊನೆಗೂ ಬಂದು ಕುಳಿತ. ವಯಸ್ಸಾಗಿತ್ತು, ನಿಜ, ಗಾಲಾರಿಗೂ ಆಗಿತ್ತು. ಅವರು ಆರ್ಮಯಿತಿಯವರ ಪಕ್ಕದಲ್ಲೇ ಕುಳಿತಿದ್ದರು.

“ಇವರ ಒಂದು ಚೀಲನಾದ್ರೂ ಬಿಚ್ಚಿ ನೋಡಿದ್ರಾ?” ಎಂದು ಆರ್ಮಯಿತಿ ಕೇಳಿದರು.

“ಬಿಚ್ಚೋದು ಅಂದ್ರೆ ಮೇಡಂ, ಇವರ ಗೋದಾಮಿಗೆ ನಾನು ಹೋಗೇ ಇಲ್ಲ. ರಫ್ತಿನವರೇ ಒಂದು ಪೊಟ್ಟಣ ಕಳಿಸಿದ್ರು, ಅದನ್ನ ನೋಡಿ ಬರೆದೆ. ಅದು ನಮ್ಮಲ್ಲಿ ಮೊದಲಿಂದ ನಡ್ಕೊಂಡು ಬಂದಿರೋದು, ಯಾಕಂದ್ರೆ ನಾವು ಪ್ರತಿಯೊಂದು ಗೋದಾಮಿಗೂ...”

ಇಷ್ಟು ವರ್ಷ ಕಾದ ಮಾತು ಸಿಕ್ಕಿತ್ತು; ಉಳಿದದ್ದನ್ನು ಕೇಳಲು ನಿಲ್ಲದೆ ಗಾಲಾ ಎದ್ದು ಅಂಗಡಿಯ ಕಡೆ ಹೊರಟುಬಿಟ್ಟಿದ್ದರು.