ಪಾಡ್ಯದ ದಿನ ಕಳೆದ ಬಣ್ಣಗಳು

ದೀಪಾವಳಿ ಪಾಡ್ಯದ ಬೆಳಿಗ್ಗೆ ಸೋಲಾಪುರದ ನಮ್ಮ ಚಾದರದ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಹಲ್ಲು ಕಡಿಯುತ್ತಿದ್ದೆ. ಮಾನಿಟರಿನ ಅಂಚಿಗೆ ಹಿಂದಿನ ಸಂಜೆಯ ಲಕ್ಷ್ಮೀಪೂಜೆಯ ಕುಂಕುಮ, ಕೀಬೋರ್ಡಿನ ಸಂದಿಯಲ್ಲಿ ಅಕ್ಷತೆ. ತೆರೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದೇ ದೂರು: ಕರೆದ ಸ್ಟೈಲ್‌ಶೀಟ್ ಫೈಲ್ ಸಿಗುತ್ತಿಲ್ಲ. ಪ್ರೋಗ್ರಾಮನ್ನು ಮತ್ತೆ ಓಡಿಸಿದೆ, ಮತ್ತೆ ಅದೇ. ಎದ್ದು ನೀರು ಕುಡಿದು ಬಂದು ಓಡಿಸಿದರೂ ಅದೇ.

ಅಂದು ನಾಲ್ಕು ಗಂಟೆಗೆ ಬಂಧುಗಳೆಲ್ಲ ಅಂಗಡಿಗೆ ಫರಾಳಕ್ಕೆ, ಹಬ್ಬದ ತಿಂಡಿಗೆ, ಬರುವವರಿದ್ದರು. ಅವರ ಮುಂದೆ ನಾನು ಮಾಡಿದ ವೆಬ್‌ಸೈಟ್ ತೋರಿಸಬೇಕಿತ್ತು. ಗಂಡನ ಅಣ್ಣನಿಗೆ, ಅಂದರೆ ನಮ್ಮ ಭಾವನಿಗೆ, ಆ ಕೆಲಸವನ್ನು ಪುಣೆಯ ಯಾವುದೋ ಕಂಪನಿಗೆ ಒಪ್ಪಿಸುವ ಹಂಬಲ. ಮಾವನವರು ಮಾತ್ರ, "ಪಾಡವಾ ತನಕಾ ತಡಿ. ಆಕಿ ತೋರಸ್ತಾಳ, ಆಮ್ಯಾಲ ನೋಡೂಣು" ಎಂದು ಬಾಯಿ ಮುಚ್ಚಿಸಿದ್ದರು. ತೋರಿಸಲಾಗದಿದ್ದರೆ ಕೆಲಸ ಪುಣೆಗೆ, ನಾನು ಅಡುಗೆಮನೆಗೆ. ಮದುವೆಯಾಗಿ ಬಂದ ಮೇಲೆ ಆ ಅಂಗಡಿಯಲ್ಲಿ ನನ್ನದು ಅಂತ ಸಿಕ್ಕಿದ್ದು ಕಂಪ್ಯೂಟರಿನ ಮುಂದಿನ ಆ ಒಂದು ಕುರ್ಚಿ. ಅದನ್ನು ಕಳೆದುಕೊಳ್ಳುವ ಭಯದಲ್ಲೇ ಮತ್ತೆ ಮತ್ತೆ ಓಡಿಸಿ ನೋಡುತ್ತಿದ್ದೆ.

ನಾನು ಸ್ಟೈಲ್‌ಗಳನ್ನು ಸಣ್ಣ ಸಣ್ಣ ಫೈಲುಗಳಲ್ಲಿ ಬರೆಯುತ್ತೇನೆ. ಬಣ್ಣಕ್ಕೊಂದು, ಅಕ್ಷರಕ್ಕೊಂದು, ಅಂತರಕ್ಕೊಂದು ಫೋಲ್ಡರು. ಮುಖ್ಯ ಫೈಲು ಅವನ್ನೆಲ್ಲ ಹೆಸರು ಹಿಡಿದು ಕರೆಯುತ್ತದೆ, ಕಂಪೈಲ್ ಮಾಡುವ ಪ್ರೋಗ್ರಾಮು ಎಲ್ಲ ಕೂಡಿಸಿ ಬ್ರೌಸರಿಗೆ ತಿಳಿಯುವ ಒಂದೇ ಫೈಲು ಮಾಡಿಕೊಡುತ್ತದೆ. ಕರೆದವರಲ್ಲಿ ಒಬ್ಬರು ಬರದಿದ್ದರೂ ಅದು ಮುನಿಸಿಕೊಂಡು ಕೂರುತ್ತದೆ. ಇಂಥ ಸಿಟ್ಟು ನನಗೆ ಹೊಸದಲ್ಲ. ಮೊದಲು ಫೈಲಿನ ಹೆಸರಿನ ಮುಂದಿನ ಅಂಡರ್‌ಸ್ಕೋರ್ ಗೆರೆ ನೋಡಿದೆ, ಸರಿಯಿತ್ತು. ದೊಡ್ಡಕ್ಷರ ಚಿಕ್ಕಕ್ಷರ ನೋಡಿದೆ. ಯಾವ ಫೋಲ್ಡರಿನಲ್ಲಿ ನಿಂತು ಓಡಿಸುತ್ತಿದ್ದೇನೆ ಎಂದು ನೋಡಿದೆ. ಪ್ರೋಗ್ರಾಮನ್ನೇ ಕಿತ್ತು ಮತ್ತೆ ಹಾಕಿದೆ. ಕೊನೆಗೆ ಫೋಲ್ಡರುಗಳ ಸಾಲು ತೆರೆದು ನೋಡಿದರೆ ಅಕ್ಷರದ್ದಿದೆ, ಅಂತರದ್ದಿದೆ, ಚಿತ್ರಗಳದ್ದಿದೆ. ಬಣ್ಣದ ಫೋಲ್ಡರೇ ಇಲ್ಲ!



ಆ ಬಣ್ಣಗಳು ಸುಮ್ಮನೆ ಬಂದವಲ್ಲ. ಮಳೆಗಾಲ ಮುಗಿದ ಮೇಲೆ ದಿನಾ ಮಧ್ಯಾಹ್ನ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ, ಮಾವನವರು ಒಂದೊಂದೇ ಚಾದರವನ್ನು ಬಾಗಿಲ ಬೆಳಕಿಗೆ ಹಿಡಿದು ತಂದು ತೆರೆಯ ಪಕ್ಕ ಒಡ್ಡುತ್ತಿದ್ದರು. ಕಡುಗುಲಾಬಿಯ ರಾಣಿ, ನವಿಲುಗರಿಯ ಮೋರಪಂಖಿ, ಚಟ್ನಿ. ಕೊತ್ತಂಬರಿ ಚಟ್ನಿಯ ಹಸಿರಿಗೆ ನಮ್ಮ ವ್ಯಾಪಾರದಲ್ಲಿ ಆ ಹೆಸರೇ ಇದೆ. ನಾನು ಅಂಕಿ ಬದಲಿಸುತ್ತಾ ಹೋದಂತೆ ಅವರು, "ಇನ್ನೊಂಚೂರು ಕಪ್ಪ... ಜಾಸ್ತಿ ಆತು... ಹ್ಞಾಂ, ಬಿಡು, ಇದ ನೋಡು ಚಟ್ನಿ" ಎನ್ನುತ್ತಿದ್ದರು. ಹಾಗೆ ಕೂತು ಕೂತು ಮೌಸ್ ಹಿಡಿಯುವುದು, ಹೊಸ ಫೋಲ್ಡರ್ ಮಾಡುವುದು ಅವರಿಗೂ ಬಂದಿತ್ತು. ಕಲಿಸುವಾಗ ನನಗೆ ತಾಳ್ಮೆ ಹೇಗೆ ಬಂತೋ ದೇವರಿಗೇ ಗೊತ್ತು.

ಭಾವ ಗಲ್ಲಾದ ಹತ್ತಿರ ನಿಂತು ಮಾಲೆಯ ಒಣ ಹೂ ಕೀಳುತ್ತಿದ್ದರು.

"ಭಾವಾರ, ಈ ಕಂಪ್ಯೂಟರ ಯಾರು ಮುಟ್ಯಾರ್ರಿ?"

"ನಾನ. ನಿನ್ನೆ ಹಬ್ಬದ ಸಾಫಸಫಾಯಿ ಮಾಡಿದ್ನೆಲ್ಲಾ, ಅದರಾಗಿನ ಕಚರಾನೂ ತಗದ ಒಗದೀನಿ. ಏಕದಮ ಹಗೂರ ಆಗೈತಿ ನೋಡು."

ಕಂಪ್ಯೂಟರಿನೊಳಗಿನ ಕಸದ ಬುಟ್ಟಿ ತೆರೆದೆ, ಖಾಲಿ. ಆಮೇಲೆ ನನ್ನ ಬಾಯಿಂದ ಏನೇನು ಬಂತೋ, ಹಬ್ಬದ ದಿನ ಭಾವನ ಮುಂದೆ ಆಡುವ ಮಾತಂತೂ ಆಗಿರಲಿಲ್ಲ. ಪುಣೆಯವರಿಗೆ ದಾರಿ ಮಾಡಿಕೊಡಲು ಬೇಕೆಂದೇ ಅಳಿಸಿದ್ದಾರೆ ಎಂದು ನನಗೆ ಖಾತ್ರಿಯಾಗಿಹೋಗಿತ್ತು. ಅವರು ಹೂ ಕೈಯಲ್ಲಿ ಹಿಡಿದು ಪಿಳಿಪಿಳಿ ನೋಡಿದರು. ಅವರ ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ಹೊರಟೆ. ಅಕ್ಕಲಕೋಟೆಯ ತವರಿನಲ್ಲಿ ನನ್ನ ಹಳೆಯ ಲ್ಯಾಪ್‌ಟಾಪ್ ಇತ್ತು. ನಾಗರಪಂಚಮಿಗೆ ಹೋದಾಗ ಈ ಕೆಲಸ ಶುರು ಮಾಡಿದ್ದು ಅದರಲ್ಲೇ, ಒಂದು ನಕಲು ಅಲ್ಲಿ ಇದ್ದೇ ಇತ್ತು. ಗಂಡನಿಗೆ ಹೇಳೋಣವೆಂದರೆ ಅವರು ಹೋಟಗಿ ಜಂಕ್ಷನ್ನಿನಲ್ಲಿ ರೈಲ್ವೆ ಡ್ಯೂಟಿಯ ಮೇಲಿದ್ದರು.

ಬಸ್ಸಿನಲ್ಲಿ ಒಂದು ಕಡೆ ಕೂರಲಾಗಲಿಲ್ಲ. ಕಿಟಕಿ ತೆರೆದೆ, ಮುಚ್ಚಿದೆ, ಪಕ್ಕದ ಹೆಂಗಸು ಕೊಟ್ಟ ಚಕ್ಕುಲಿಯನ್ನು ಬೇಡವೆಂದೆ, ಆಮೇಲೆ ಹಸಿವಾಗಿ ಕೇಳಿ ಇಸಕೊಂಡೆ. ಬಾಗಿಲು ತೆರೆದ ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಾಡವಾ ದಿನಾ ಒಬ್ಬಾಕಿನ ಯಾಕ ಬಂದಿ? ಜಗಳಾ ಆಡಿಯೇನ?" ಎಂದಳು. "ಇಲ್ಲಬೇ, ಫೈಲ್ ಬೇಕಾಗೈತಿ" ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ, ಆದರೂ ಚಹಾ ಇಟ್ಟಳು.

ಹಳೆಯ ಲ್ಯಾಪ್‌ಟಾಪು ಗೊರಗೊರ ಎನ್ನುತ್ತಾ ತೆರೆದುಕೊಂಡಿತು. ಕಂಪೈಲ್ ಮೊದಲ ಸಲಕ್ಕೇ ಆಯಿತು. ಖುಷಿಯಿಂದ ಪುಟ ತೆರೆದವಳು ಹಾಗೇ ಕುಗ್ಗಿಹೋದೆ. ರಾಣಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ಚಟ್ನಿ ಸರಕಾರಿ ಬೆಂಚಿನ ಹಸಿರಾಗಿತ್ತು. ಅವು ಮಾವನವರ ಜೊತೆ ಕೂರುವ ಮೊದಲಿನ, ನಾನೊಬ್ಬಳೇ ಅಂದಾಜಿಗೆ ಹಾಕಿದ ಬಣ್ಣಗಳು. ಇವನ್ನು ತೋರಿಸಿದರೆ ಚಾದರ ನೇಯುವ ಮಂದಿ ಮೂಗು ಮುರಿಯದೆ ಬಿಟ್ಟಾರೆಯೇ? ನಾಲ್ಕರೊಳಗೆ ಅಷ್ಟನ್ನೂ ಮತ್ತೆ ಹೊಂದಿಸುವುದು ಆಗದ ಮಾತು. ಆದರೂ ಅದನ್ನೇ ಪೆನ್‌ಡ್ರೈವಿಗೆ ತುಂಬಿಕೊಂಡೆ.

ಪ್ರತಿ ವರ್ಷ ಈ ಪಾಡ್ಯಕ್ಕೆ ಮಾವನವರು ಅಕ್ಕಲಕೋಟೆಗೆ ಸ್ವಾಮಿ ದರ್ಶನಕ್ಕೆ ಬರುತ್ತಾರೆ. ವಾಪಸು ಹೊರಟ ಬಸ್ಸಿನಲ್ಲಿ ಪ್ರಸಾದದ ಪೊಟ್ಟಣ ಹಿಡಿದು ಕೂತಿದ್ದವರು ನನ್ನನ್ನು ಕಂಡು ಸರಿದು ಜಾಗ ಮಾಡಿದರು.

"ಯಾಕವ್ವಾ, ಮಾರಿ ಯಾಕ ಸಣ್ಣ ಮಾಡಿ?"

"ಬಣ್ಣದ ಫೋಲ್ಡರ ಹೋತ್ರಿ ಮಾವಾರ. ಭಾವಾರು ಸಾಫ ಮಾಡಿದಾಗ ಅದನ್ನೂ ಒಗದಾರ."

"ಎಲ್ಲಿ ಹೋಗತೈತಿ? ನಾನ ಇಟ್ಟೀನಲ್ಲಾ."

"ನೀವು? ಎಲ್ಲಿ ಇಟ್ಟೀರಿ?"

"ಶ್ರೀ ಅಂತ ಹೊಸಾ ಫೋಲ್ಡರ ಮಾಡಿ ಅದರಾಗ ಇಟ್ಟೀನಿ. ನೀನ ಕಲಿಸಿದ್ದೆಲಾ. ನಿನ್ನೆ ಪೂಜಿಗೆ ಗಜಾ ಇಟ್ಟೆ, ಕತ್ತರಿ ಇಟ್ಟೆ, ಗಲ್ಲಾ ಇಟ್ಟೆ. ಇದೂ ಅಂಗಡೀದ ಅಲ್ಲೇನು?"

ಅಂಗಡಿಗೆ ಸೇರಿದ್ದು ಎಂದಾದ ಮೇಲೆ ಮಾವನವರು ಶ್ರೀ ಇಲ್ಲದೆ ಯಾವುದನ್ನೂ ಬಿಟ್ಟವರಲ್ಲ. ಶಟರಿನ ಮೇಲೆ, ತಿಜೋರಿಯ ಮೇಲೆ, ಅಳೆಯುವ ಗಜದ ಮೇಲೆ, ಕೊನೆಗೆ ಹೊಸ ನೀರಿನ ಫಿಲ್ಟರಿನ ಮೇಲೂ ಶ್ರೀ. ದಿನಾ ನೋಡಿ ನೋಡಿ ನನ್ನ ಕಣ್ಣು ಆ ಅಕ್ಷರದ ಮೇಲೆ ನಿಲ್ಲುವುದನ್ನೇ ಬಿಟ್ಟಿತ್ತು. ಆ ಬೆಳಿಗ್ಗೆ ಫೋಲ್ಡರುಗಳ ಸಾಲಿನಲ್ಲಿ ಶ್ರೀ ಎಂಬುದೊಂದು ಇದ್ದಿದ್ದು ಈಗ ನೆನಪಾಯಿತು. ಅದನ್ನು ತೆರೆಯಬೇಕೆಂದು ಹೊಳೆದೇ ಇರಲಿಲ್ಲ. ಹೆಸರು ಹಾಕಿ ಹುಡುಕಿದ್ದರೂ ಸಿಗುತ್ತಿತ್ತು, ಆದರೆ ಅಳಿಸಿದವರು ಯಾರೆಂದು ಗೊತ್ತಾದ ಮೇಲೆ ಯಾರು ಹುಡುಕುತ್ತಾರೆ?

ನನಗೆ ಅಳು ಬಂತು. ಫೈಲು ಸಿಕ್ಕಿತೆಂದಲ್ಲ. ಕುರ್ಚಿ ಉಳಿಯುತ್ತದೋ ಇಲ್ಲವೋ ಎಂದು ಬೆಳಗಿನಿಂದ ಚಡಪಡಿಸಿದ್ದೆ, ಅವರು ಹಿಂದಿನ ದಿನವೇ ನನ್ನ ಕೆಲಸವನ್ನು ಗಲ್ಲಾದ ಪಕ್ಕ ಇಟ್ಟು ಪೂಜೆ ಮಾಡಿ ಮುಗಿಸಿದ್ದರು. ಮಾವನವರು ಗಾಬರಿಯಾಗಿ ಪೊಟ್ಟಣ ಬಿಚ್ಚಿ ಪ್ರಸಾದ ಕೊಟ್ಟರು.

ಅಂಗಡಿಗೆ ಬಂದವಳು ಮೊದಲು ಭಾವನ ಹತ್ತಿರ ಹೋಗಿ, "ತಪ್ಪಾತ್ರಿ" ಎಂದೆ. "ಇರ್ಲಿ ಬಿಡು, ಮದಲ ಕೆಲಸಾ ನೋಡು" ಎಂದರು, ಮುಖ ಇನ್ನೂ ಬಿಗಿಯಾಗಿಯೇ ಇತ್ತು. ಬಣ್ಣದ ಫೋಲ್ಡರನ್ನು ಎಳೆದು ಹೊರಗೆ ಹಾಕಿದ್ದರೆ ಮುಗಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಮುಖ್ಯ ಫೈಲಿನಲ್ಲಿ ಬಣ್ಣವನ್ನು ಕರೆಯುವ ಸಾಲಿಗೆ ಹೋಗಿ ದಾರಿಯ ನಡುವೆ ಶ್ರೀ ಸೇರಿಸಿದೆ. ಓಡಿಸಿದೆ. ಈ ಸಲ ಪ್ರೋಗ್ರಾಮು ತಕರಾರು ಎತ್ತಲಿಲ್ಲ.

ನಾಲ್ಕಕ್ಕೆ ಬಂಧುಗಳು ಕರಂಜಿ ಕಡಿಯುತ್ತಾ ತೆರೆಯ ಸುತ್ತ ನಿಂತರು. ಒಬ್ಬ ಅತ್ತೆ ರಾಣಿ ಬಣ್ಣದ ಚಾದರ ಕಂಡು, ಎಣ್ಣೆಗೈ ಎಂಬುದನ್ನೂ ಮರೆತು ತೆರೆಯನ್ನೇ ಸವರಿ ನೋಡಿದರು. ಭಾವ ಎಲ್ಲ ಪುಟ ನೋಡಿ ಮುಗಿಸಿ, ಅಪ್ಪನ ಕಡೆ ತಿರುಗಿ, "ಮತ್ತ ಪುಣೆದವರಿಗೆ ಏನ ಹೇಳೂಣು?" ಎಂದರು.

ಮಾವನವರು ನನ್ನನ್ನು ಕೇಳಿದರು, "ಬಣ್ಣಾ ಹೊರಗ ತಗದೆಯೇನು?"

"ಇಲ್ರಿ. ಅಲ್ಲೇ ಅದಾವು. ದಾರಿ ಬದಲಿ ಮಾಡೀನಿ."

"ಬ್ಯಾಡ ಅಂತ ಹೇಳು ಅವರಿಗೆ" ಎಂದರು ಭಾವನಿಗೆ, "ಇದರ ಪೂಜಾ ಆಗೈತಿ."